ಕಾಫಿಪುಡಿಯೋ, ಚಹಾದ ಗಸಿಯೋ

ಮೂವತ್ತೈದು ವರ್ಷ ಮಂದಿಯ ವಾಂತಿ ನೋಡಿಕೊಂಡು ಅನ್ನ ಉಂಡವಳು ನಾನು. ಹೀಗೆ ಶುರು ಮಾಡಿದ್ದನ್ನು ಓದಿ ನನ್ನ ಮಗಳು ಮುಖ ಸಿಂಡರಿಸಿದಳು. "ಅವ್ವಾ, ರೋಗಿಗಳ ಸೇವಾ ಮಾಡಿದೆ ಅಂತ ಬರಿ" ಅಂದಳು. ಸೇವೆ ಹೌದು, ಇಲ್ಲವೆನ್ನುವುದಿಲ್ಲ. ಆದರೆ ಸೇವೆ ಅಂತ ಬರೆದರೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗೆ ಏನೂ ತಿಳಿಯುವುದಿಲ್ಲ. ಅವರು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡು, ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡುವ ಕನಸು ಕಾಣುತ್ತ ಬರುತ್ತಾರೆ. ಮೊದಲ ದಿನವೇ ಯಾರೋ ಕೈಗೆ ಒಂದು ಟ್ರೇ ಕೊಟ್ಟು ಹೋಗುತ್ತಾರೆ. ಅದರಲ್ಲಿ ಏನಿರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದಲ್ಲವೇ?

ನಮ್ಮ ಕಾಲದಲ್ಲಿ ನಮ್ಮನ್ನು ಸ್ಟಾಫ್ ನರ್ಸ್ ಅನ್ನುತ್ತಿದ್ದರು, ಈಗ ನರ್ಸಿಂಗ್ ಆಫೀಸರ್ ಅನ್ನುತ್ತಾರೆ. ಹೆಸರು ದೊಡ್ಡದಾಗಿದೆ, ಟ್ರೇ ಅದೇ ಅಳತೆಯದು. ನಾನು ಬ್ಯಾಡಗಿಯಲ್ಲಿ ಶುರು ಮಾಡಿ, ರಾಣೆಬೆನ್ನೂರಿನಲ್ಲಿ ನಡುವಿನ ವರ್ಷಗಳನ್ನು ಕಳೆದು, ಹಾವೇರಿಯಲ್ಲಿ ನಿವೃತ್ತಳಾದೆ. ಎಲ್ಲಿಂದ ಎಲ್ಲಿಗೆ ಯಾಕೆ ಹೋದೆ ಎಂಬುದು ನನಗೇ ಬೇಸರ ತರಿಸುವ ಕಥೆ, ಅದನ್ನು ಬಿಡುತ್ತೇನೆ. ರಕ್ತವಾಂತಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಯಾಕೆಂದರೆ ಅದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಕೇಳಬೇಕಾದ ಒಂದು ಪ್ರಶ್ನೆಯನ್ನು ತಪ್ಪಾಗಿ ಕೇಳಿದೆ, ಬಂದ ಉತ್ತರವನ್ನು ಮುದ್ದಾದ ಅಕ್ಷರದಲ್ಲಿ ಬರೆದುಕೊಂಡೆ, ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ಅದಕ್ಕೆ ಬರುತ್ತೇನೆ. ಮೊದಲು ನಗುವಂಥದ್ದು ಹೇಳುತ್ತೇನೆ.

ಬ್ಯಾಡಗಿಯ ಪೇಟೆಯ ಹತ್ತಿರ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಈಗ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಆಗಿದೆ. ಹತ್ತು ಹಾಸಿಗೆ, ಒಬ್ಬ ಡಾಕ್ಟರು, ಇಬ್ಬರು ನರ್ಸು, ಆಯಾ ಗಂಗವ್ವ. ಇದ್ದವರು ಒಬ್ಬರೇ ಡಾಕ್ಟರಾದರೂ ಅವರನ್ನು ನಾವು ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಅವರದ್ದೊಂದು ಅಭ್ಯಾಸ. ರೋಗಿಯ ಮುಖ ನೋಡುವ ಮೊದಲು ಟ್ರೇ ನೋಡುತ್ತಿದ್ದರು. ಬಗ್ಗಿ ಮೂಸಿಯೂ ನೋಡುತ್ತಿದ್ದರು. ನನಗೆ ಅದು ಅಸಹ್ಯವಾಗಿ ಕಾಣುತ್ತಿತ್ತು.

ನಾನು ಸೇರಿದ ಎರಡನೆಯ ವಾರ ಅಗಡಿಯಿಂದ ಒಂದು ಟೆಂಪೋ ಬಂತು. ಅದರಿಂದ ಇಳಿದವರು ಹನ್ನೊಂದು ಜನ. ನಡುವೆ ಒಬ್ಬ ಅಜ್ಜಿಯನ್ನು ಎತ್ತಿಕೊಂಡಿದ್ದರು. ಅಜ್ಜಿಯ ಸೀರೆಯ ಮುಂಭಾಗವೆಲ್ಲ ಕೆಂಪು. "ರಕ್ತ ಕಾರ್ಯಾಳ್ರಿ! ಲಗೂನ ನೋಡ್ರಿ!" ಅಂತ ಹನ್ನೊಂದು ಜನವೂ ಒಟ್ಟಿಗೇ ಒದರಿದರು. ನಾನು ಹೊಸಬಳು, ಹನ್ನೆರಡನೆಯವಳಾಗಿ ನಾನೂ ಒದರಿದೆ. ಅಜ್ಜಿಯ ಕೈಗೆ ಸೂಜಿ ಚುಚ್ಚಿದೆ, ಸಲೈನ್ ಹಚ್ಚಿದೆ, ಗಂಗವ್ವನನ್ನು ಡಾಕ್ಟರ ಕಡೆಗೆ ಓಡಿಸಿದೆ. ಅಜ್ಜಿ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ "ಮಾತಾಡಬ್ಯಾಡ್ರಿ, ಶಕ್ತಿ ಕಳಕೋಬ್ಯಾಡ್ರಿ" ಅಂತ ನಾನೇ ಬಾಯಿ ಮುಚ್ಚಿಸಿದೆ.

ದೊಡ್ಡ ಡಾಕ್ಟರು ಬಂದರು. ಸೀರೆ ನೋಡಿದರು, ಬಗ್ಗಿ ಮೂಸಿದರು. "ಸಿಸ್ಟರ್, ಸುಣ್ಣದ ವಾಸನಿ ಬರಾಕತ್ತೈತಿ. ಅಜ್ಜಿ ಬಾಯಿ ತಗಸಿ ನೋಡೀರೇನು?" ಅಂದರು.

ನೋಡಿರಲಿಲ್ಲ. ಅಜ್ಜಿ ಆಗ ಬಾಯಿ ತೆರೆದಳು. "ಟೆಂಪೋದಾಗ ಹೊಟ್ಟಿ ತೊಳಸಿದಂಗ ಆತರಿ ಯಪ್ಪಾ. ಬಾಯಾಗ ಎಲಿ ಅಡಕಿ ಇತ್ತು, ಅದೂ ಕೂಡೇ ಬಂತು. ಹೇಳಾಕತ್ತೇನಿ, ಹೇಳಾಕತ್ತೇನಿ, ಯಾರು ಕೇಳ್ತಾರ? ಈಕಿ ಒಬ್ಬಾಕಿ ಸೂಜಿ ಬ್ಯಾರೆ ಚುಚ್ಚಿದ್ಲು!"

ಹನ್ನೊಂದು ಜನ ಗೊಳ್ಳೆಂದು ನಕ್ಕರು. ನಾನು ಸಲೈನ್ ತೆಗೆಯುವ ನೆವದಲ್ಲಿ ತಲೆ ತಗ್ಗಿಸಿ ನಿಂತೆ. ಆಮೇಲೆ ಡಾಕ್ಟರು ನನ್ನನ್ನು ಕರೆದು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ರಕ್ತ ಅಂತ ಓಡಿ ಬಂದದ್ದು ತಪ್ಪಲ್ಲ, ಅವರದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ಎಲಿ ಅಡಕಿಗೆ ಹತ್ತು ಸಲ ಓಡಿ ಬರಲಿ, ನಕ್ಕು ಕಳಸೋಣು. ನನಗ ಅಂಜಿಕಿ ಬರೂದು ಅಂಜದ ಬಂದವರನ್ನ ನೋಡಿದಾಗ. ಅಂಥವರನ್ನ ಮೊದಲ ಕೂಡ್ರಸ್ರಿ, ಆಮ್ಯಾಲ ಕೇಳ್ರಿ" ಅಂದರು. ನಾನು ಹೂಂ ಅಂದೆ. ಹೂಂ ಅನ್ನುವುದಕ್ಕೆ ಖರ್ಚೇನು?

ಆ ಮೇಲೆ ಕೆಂಪು ಬಣ್ಣದ ಎಷ್ಟೋ ಬಗೆ ನೋಡಿದೆ. ಹೊಸರಿತ್ತಿಯ ಒಬ್ಬ ಅಪ್ಪ, ಆರು ವರ್ಷದ ಮಗಳನ್ನು ಕರೆದುಕೊಂಡು ಬಂದ. ಮಗಳು ಒಂದು ಬೊಗಸೆ ರಕ್ತ ವಾಂತಿ ಮಾಡಿದ್ದಳು. ಅಪ್ಪ ಮೀಸೆಯ ಗಟ್ಟಿ ಆಳು, ಆದರೆ ಅದನ್ನು ವಿವರಿಸುವಾಗಲೇ ಕಣ್ಣು ಮೇಲೆ ಮಾಡಿ ಬೆಂಚಿನಿಂದ ಜಾರಿದ. ನಾವು ಮೊದಲು ಅಪ್ಪನಿಗೆ ಉಪಚಾರ ಮಾಡಬೇಕಾಯಿತು. ಹುಡುಗಿ ಅಷ್ಟು ಹೊತ್ತು ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಡಾಕ್ಟರು ಅವಳ ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಬೇಸಿಗೆಯ ಬಿಸಿಲಿಗೆ ಮೂಗು ಒಡೆದು ರಕ್ತ ಸೋರಿತ್ತು, ಮಲಗಿದ್ದ ಮಗು ಅದನ್ನು ನುಂಗುತ್ತ ಹೋಗಿತ್ತು, ಹೊಟ್ಟೆ ಅದನ್ನು ತಿರುಗಿಸಿ ಕಳಿಸಿತ್ತು. ಮೂಗಿನ ರಕ್ತವೂ, ಹಲ್ಲು ಕಿತ್ತಾಗಿನ ರಕ್ತವೂ ಹೀಗೆ ಹೊಟ್ಟೆಗೆ ಹೋಗಿ ವಾಂತಿಯಾಗಿ ಬರುವುದುಂಟು. ಆದರೆ ಅದು ಮೂಗಿನದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು, ತೋರಿಸಿಯೇ ತಿಳಿಯಬೇಕು.

ಇನ್ನೊಮ್ಮೆ ರಾಣೆಬೆನ್ನೂರಿನ ಕಡೆಯ ಮದುವೆ ದಿಬ್ಬಣದಲ್ಲಿ ಮದುಮಗನ ಸೋದರಮಾವ. ಬೀಗರೂಟದ ಹೆಸರಿನಲ್ಲಿ ಏನೇನು ಕುಡಿದಿದ್ದನೋ, ಬೆಳಗಿನಿಂದ ಓಕರಿಸಿ ಓಕರಿಸಿ ಸುಸ್ತಾಗಿದ್ದ. ಮೊದಲ ನಾಲ್ಕು ವಾಂತಿಯಲ್ಲಿ ಬರೀ ಮದುವೆಯೂಟ, ಐದನೆಯದರಲ್ಲಿ ಕೆಂಪು. ಜೋರಾಗಿ ಓಕರಿಸಿದಾಗ ಅನ್ನನಾಳದ ತುದಿ ಸ್ವಲ್ಪ ಹರಿದು ರಕ್ತ ಬರುತ್ತದೆ, ಬಹಳ ಸಲ ತಾನಾಗಿಯೇ ನಿಲ್ಲುತ್ತದೆ, ಆದರೂ ಒಂದು ದಿನ ಕಣ್ಣಿಟ್ಟು ನೋಡಬೇಕು. ಅವನನ್ನು ಮಲಗಿಸಿದೆವು. ಮದುವೆಯ ಫೋಟೋದಲ್ಲಿ ಸೋದರಮಾವ ಇಲ್ಲದಿದ್ದರೆ ಮಾನ ಹೋಗುತ್ತದೆ ಅಂತ ಇಡೀ ದಿಬ್ಬಣವೇ ಅವನ ಹಾಸಿಗೆಯ ಸುತ್ತ ಬಂದು ನಿಂತು ಫೋಟೋ ತೆಗೆಸಿಕೊಂಡು ಹೋಯಿತು. ಆ ಫೋಟೋದ ಮೂಲೆಯಲ್ಲಿ ಟ್ರೇ ಹಿಡಿದುಕೊಂಡು ನಾನೂ ಇದ್ದೇನೆ.

ಹೀಗೆ ನಾಲ್ಕಾರು ವರ್ಷ ಕಳೆದ ಮೇಲೆ ನನಗೆ ಎಲ್ಲ ಗೊತ್ತು ಅನ್ನಿಸಿತು. ಹುಡುಗಿಯರೇ, ಎಲ್ಲ ಗೊತ್ತು ಅನ್ನಿಸಿದ ದಿನ ರಜೆ ಹಾಕಿ ಮನೆಯಲ್ಲಿರುವುದು ಒಳ್ಳೆಯದು. ನಾನು ಹಾಕಲಿಲ್ಲ.

ಇಮಾಮ್‌ಸಾಬ್ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಅವನ ಹೆಂಡತಿ ಖೈರುನ್‌ಬಿ ಅದೇ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಗುಂಪಿನಲ್ಲಿ ಇದ್ದಳು. ಇಬ್ಬರೂ ನಮಗೆ ಗುರುತಿನವರೇ, ಕೈ ಉರಿ, ಕಣ್ಣುರಿ ಅಂತ ಬಂದು ಹೋಗುವವರು. ಒಂದು ಸೋಮವಾರ ಮುಂಜಾನೆ, ಪೇಟೆ ತುಂಬಿ ತುಳುಕುವ ದಿನ, ಇಮಾಮ್‌ಸಾಬ್ ಒಬ್ಬನೇ ನಡೆದುಕೊಂಡು ಬಂದ. ಅಂಜಿರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿಸಿದ.

"ಅಕ್ಕಾರ, ಮುಂಜಾನಿ ಒಂದ್ಸಲ ವಾಂತಿ ಆತರಿ. ಕರ್ರಗ ಇತ್ತು. ಪಿತ್ತ ಆಗೈತಿ ಕಾಣಸ್ತೈತಿ. ಒಂದ್ ಗುಳಿಗಿ ಕೊಡ್ರಿ, ಗಾಡಿ ಬಂದು ನಿಂತಾವ."

"ರಕ್ತ ಬಿತ್ತೇನು?"

"ಇಲ್ರಿ. ಕೆಂಪಗ ಏನೂ ಇದ್ದಿಲ್ಲ."

ಆಗ ನನಗೆ ಪಾಠದ ಪುಸ್ತಕ ನೆನಪಾಯಿತು. ಹೊಟ್ಟೆಯೊಳಗೆ ಒಸರಿದ ರಕ್ತ ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಅಲ್ಲಿನ ಆಮ್ಲಕ್ಕೆ ಸಿಕ್ಕಿ ಕಪ್ಪಾಗುತ್ತದೆ, ವಾಂತಿಯಲ್ಲಿ ಕಾಫಿಪುಡಿಯ ಹಾಗೆ ಕಾಣುತ್ತದೆ, ತಪ್ಪದೇ ಕೇಳಬೇಕು ಅಂತ ನರ್ಸಿಂಗ್ ಶಾಲೆಯಲ್ಲಿ ನಮ್ಮ ಮೇಡಂ ಹೇಳಿದ್ದರು. ಅವರು ಮೈಸೂರು ಕಡೆಯವರು, ದಿನಕ್ಕೆ ಮೂರು ಲೋಟ ಕಾಫಿ ಇಲ್ಲದೆ ಪಾಠ ಶುರು ಮಾಡುತ್ತಿರಲಿಲ್ಲ. ನಾನು ತಪ್ಪದೇ ಕೇಳಿದೆ.

"ಕಾಫಿಪುಡಿ ಹಂಗ ಇತ್ತೇನು?"

ಇಮಾಮ್‌ಸಾಬ್ ಸ್ವಲ್ಪ ಯೋಚನೆ ಮಾಡಿದ. "ಇಲ್ರಿ" ಅಂದ.

ಚೀಟಿಯ ಮೇಲೆ ನಾನು "ಇಲ್ಲ" ಅಂತ ಬರೆದೆ. ದೊಡ್ಡ ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಬಾಗಿಲ ಸಂದಿಯಿಂದ ಕೇಳಿದೆ. ಕಪ್ಪು ವಾಂತಿ ಸರ್, ರಕ್ತ ಇಲ್ಲ, ಕಾಫಿಪುಡಿ ಹಾಗೂ ಇಲ್ಲ ಅಂದೆ. "ಆಸಿಡಿಟಿ ಗುಳಿಗಿ ಕೊಡ್ರಿ. ಕೂಡ್ರಸ್ರಿ, ನಾ ಬಂದು ನೋಡತೇನಿ" ಅಂದರು. ಗುಳಿಗೆ ಕೊಟ್ಟೆ. ಕೂಡ್ರಿಸಲಿಲ್ಲ. "ಸಂಜಿಕಡೆ ಬರತೇನ್ರಿ" ಅಂದವನನ್ನು "ಹೂಂ, ಹೋಗ್ರಿ" ಅಂತ ಕಳಿಸಿದೆ. ನಾಡಿ ಹಿಡಿದು ನೋಡಲಿಲ್ಲ. ದಿನಾ ಏನಾದರೂ ಗುಳಿಗೆ ನುಂಗುತ್ತೀಯಾ ಅಂತ ಕೇಳಲಿಲ್ಲ. ಶೌಚ ಡಾಂಬರಿನ ಹಾಗೆ ಕಪ್ಪಗೆ ಅಂಟು ಅಂಟಾಗಿ ಹೋಗುತ್ತಿದೆಯೇ ಅಂತ ಕೇಳಲಿಲ್ಲ. ಕಾಫಿಪುಡಿ ಇಲ್ಲ ಅಂದನಲ್ಲ, ನನಗೆ ಅಷ್ಟು ಸಾಕಾಗಿತ್ತು.

ಎರಡು ತಾಸು ಆಗಿರಬೇಕು. ಮುಂದಿನದನ್ನು ಖೈರುನ್‌ಬಿ ನನಗೆ ಆಮೇಲೆ ಹೇಳಿದ್ದು. ಅವಳು ಒಂದು ದೊಡ್ಡ ರಾಶಿಯ ಪಕ್ಕ ಕೂತು ತೊಟ್ಟು ಮುರಿಯುತ್ತಿದ್ದಳು. ಇಮಾಮ್‌ಸಾಬ್ ಒಂದು ಚೀಲ ತಂದು ಅದೇ ರಾಶಿಗೆ ಸುರಿದು, ಅಲ್ಲೇ ಅಂಚಿಗೆ ಕುಸಿದು ಕೂತು, ಮುಂದಕ್ಕೆ ಬಗ್ಗಿದ. ಬ್ಯಾಡಗಿ ಪೇಟೆಯಲ್ಲಿ ಬಗ್ಗಿ ಕೆಮ್ಮುವವನನ್ನು, ಸೀನುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರೂ ಕೆಮ್ಮುತ್ತಲೇ ಇರುತ್ತಾರೆ. ಅವನು ವಾಂತಿ ಮಾಡಿಕೊಂಡ. ಅದು ರಕ್ತ, ಬಿದ್ದದ್ದು ಬ್ಯಾಡಗಿ ಮೆಣಸಿನಕಾಯಿಯ ರಾಶಿಯ ಮೇಲೆ. ಕೆಂಪಿನ ಮೇಲೆ ಕೆಂಪು ಯಾರ ಕಣ್ಣಿಗೂ ಬೀಳಲಿಲ್ಲ.

"ಮೆಣಸಿನಕಾಯಿ ಮುಟ್ಟಿದ್ರ ಗರಗರ ಅನಬೇಕ್ರಿ ಅಕ್ಕಾರ" ಅಂತ ಖೈರುನ್‌ಬಿ ಹೇಳಿದಳು. "ಕೈ ಹಾಕಿದೆ, ಹಸಿ ಹತ್ತಿತು. ಇಲ್ಲಿ ನೀರ ಯಾರು ಚೆಲ್ಲಿದ್ರು ಅಂತ ಬಯ್ಯಾಕ ತಲಿ ಎತ್ತಿದೆ. ಇವರ ಮಾರಿ ನೋಡಿದ್ರ ಸುಣ್ಣ ಬಳಿದಂಗ ಬೆಳ್ಳಗ ಆಗಿತ್ತು."

ತಳ್ಳುಗಾಡಿಯಲ್ಲಿ ಖಾಲಿ ಚೀಲ ಹಾಸಿ ಅವನನ್ನು ತಂದರು. ಮೈ ತಣ್ಣಗೆ, ಬೆವರು, ನಾಡಿ ದಾರದಷ್ಟು ಸಣ್ಣಗೆ ಓಡುತ್ತಿತ್ತು. ದೊಡ್ಡ ಡಾಕ್ಟರು ಎರಡೂ ಕೈಗೆ ಸಲೈನ್ ಹಚ್ಚಿಸಿದರು, ವಾಂತಿ ಗಂಟಲಿಗೆ ಸಿಕ್ಕದ ಹಾಗೆ ಒಂದು ಮಗ್ಗುಲಿಗೆ ಹೊರಳಿಸಿದರು. "ನೀರ ಕೇಳಾಕತ್ತಾರ್ರಿ, ಒಂದ್ ಗುಟುಕು ಕೊಡ್ಲೇನ್ರಿ?" ಅಂತ ಖೈರುನ್‌ಬಿ ಅಂಗಲಾಚಿದಳು. ಕೊಡಬಾರದು, ಇಂಥ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಬಾರದು. ಅವಳ ಕೈಯಿಂದ ಚೊಂಬು ಕಸಿದುಕೊಂಡೆ. ನಮ್ಮಲ್ಲಿ ರಕ್ತವೂ ಇರಲಿಲ್ಲ, ಒಳಗೆ ನೋಡುವ ಸಲಕರಣೆಯೂ ಇರಲಿಲ್ಲ. ರಾಣೆಬೆನ್ನೂರಿಗೆ ಒಯ್ಯಬೇಕಾಯಿತು. ಗಾಡಿಯಲ್ಲಿ ಸಲೈನ್ ಬಾಟಲಿ ಹಿಡಿದುಕೊಂಡು ನಾನು ಕೂತೆ.

ದಾರಿಯಲ್ಲಿ ಖೈರುನ್‌ಬಿ ಒಂದೇ ಮಾತು ಕೇಳಿದಳು. "ಅಕ್ಕಾರ, ಮುಂಜಾನಿ ನಿಮ್ಮ ಹಂತ್ಯಾಕ ಬಂದಿದ್ರಲ್ಲಾ?"

"ಬಂದಿದ್ರು."

"ಏನಂದ್ರಿ?"

"ಗುಳಿಗಿ ಕೊಟ್ಟು ಕಳಿಸಿದೆ" ಅಂದೆ. ಅವಳು ಸೆರಗಿನಿಂದ ಗಂಡನ ಹಣೆ ಒರೆಸತೊಡಗಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಬಾಟಲಿ ಹಿಡಿದುಕೊಂಡೇ ಅತ್ತೆ. ರೋಗಿಯ ಮುಂದೆ ನರ್ಸ್ ಅಳಬಾರದು ಅನ್ನುತ್ತಾರೆ. ಅಂದವರು ಆ ಗಾಡಿಯಲ್ಲಿ ಕೂತಿರಲಿಲ್ಲ.

ರಾಣೆಬೆನ್ನೂರಿನಲ್ಲಿ ರಕ್ತ ಕೊಟ್ಟರು, ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಒಂದು ಹುಣ್ಣು, ಅದರ ತಳದಲ್ಲಿ ರಕ್ತನಾಳ ಬಾಯಿ ಬಿಟ್ಟಿತ್ತು. ಒಳಗಿನಿಂದಲೇ ಅದನ್ನು ನಿಲ್ಲಿಸಿದರು. ಕಾರಣ ಆಮೇಲೆ ತಿಳಿಯಿತು. ಚೀಲ ಹೊತ್ತು ಸೊಂಟ ಹಿಡಿದಿದ್ದಕ್ಕೆ ಇಮಾಮ್‌ಸಾಬ್ ತಿಂಗಳುಗಟ್ಟಲೆ ದಿನಾ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ಎರಡು ನೋವಿನ ಗುಳಿಗೆ ನುಂಗುತ್ತಿದ್ದ. ಅಂಗಡಿಯವನು ಕೊಡುತ್ತಿದ್ದ, ಇವನು ನುಂಗುತ್ತಿದ್ದ. ಅದಕ್ಕೆ ಮೆಣಸಿನಕಾಯಿಯ ಮೇಲೆ ಗೂಬೆ ಕೂರಿಸಬೇಡಿ. ಖಾರ ತಿಂದರೆ ಹೊಟ್ಟೆ ಉರಿಯಬಹುದು, ಆದರೆ ಹುಣ್ಣಿಗೆ ಬಹುಪಾಲು ಕಾರಣ ಇಂಥ ನೋವಿನ ಗುಳಿಗೆ, ಇಲ್ಲವೇ ಹೊಟ್ಟೆಯಲ್ಲಿ ಮನೆ ಮಾಡಿಕೊಂಡ ಒಂದು ಜಾತಿಯ ರೋಗಾಣು.

ಇತ್ತ ಬ್ಯಾಡಗಿಯಲ್ಲಿ, ಕೆಟ್ಟ ಮೆಣಸಿನಕಾಯಿಯನ್ನು ಎರಡು ಬುಟ್ಟಿ ತೆಗೆದು ಹೂಳಿರಿ ಅಂತ ದಲಾಲರು ಹೇಳಿದ್ದರಂತೆ. ಯಾರೋ ಜಾಣರು ಹೂಳುವ ಬದಲು ಬೆಂಕಿ ಇಟ್ಟರು. ಇಡೀ ಪೇಟೆ ಅರ್ಧ ದಿನ ಕೆಮ್ಮಿ ಕಣ್ಣೀರು ಹಾಕಿತು. "ನನ್ನ ಸಲುವಾಗಿ ಇಷ್ಟು ಮಂದಿ ಅತ್ತಾರ" ಅಂತ ಇಮಾಮ್‌ಸಾಬ್ ಈಗಲೂ ಜಂಬ ಕೊಚ್ಚಿಕೊಳ್ಳುತ್ತಾನೆ.

ಹತ್ತು ದಿನದ ಮೇಲೆ ನೋಡಲು ಹೋದೆ. ಎದ್ದು ಕೂತಿದ್ದ. ನಾನು ತಪ್ಪಾಯಿತು ಅನ್ನಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನೇ ಮೊದಲು ಬಾಯಿ ತೆರೆದ.

"ಅಕ್ಕಾರ, ಒಂದ್ ಮಾತು ಕೇಳಬೇಕ್ರಿ. ಈ ಕಾಫಿಪುಡಿ ಹೆಂಗಿರತೈತ್ರಿ? ನಾ ಹುಟ್ಟಿದಾಗಿಂದ ಚಾ ಕುಡದಾಂವ, ಅದರ ಮಾರಿ ನೋಡಿಲ್ಲ."

"ಮತ್ತ ಇಲ್ಲ ಅಂತ ಹೆಂಗ ಹೇಳಿದಿರಿ?"

"ಗೊತ್ತಿಲ್ಲದ್ದಕ್ಕ ಹೌದು ಅನ್ನಾಕ ಬರತೈತೇನ್ರಿ? ಅದು ಸೋಸಿದ ಚಾದ ಗಸಿ ಹಂಗ ಇತ್ತು. ಜಾಳಗಿಯೊಳಗ ಉಳೀತೈತಲ್ರಿ, ಥೇಟ್ ಅದ. ನೀವು ಕಾಫಿ ಕೇಳಿದ್ರಿ. ಚಾ ಕೇಳಲೇ ಇಲ್ಲ."

ಹಾಸಿಗೆಯ ಆ ಕಡೆ ಖೈರುನ್‌ಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹತ್ತು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲಂತೆ. ನಾಚಿಕೆ ಪಡಬೇಕೋ ನಗಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಕಾಫಿಪುಡಿ ಸೋಸಿದ್ದನ್ನು ನಾನೂ ಕಂಡಿರಲಿಲ್ಲ. ನೋಡದವಳು ಕೇಳಿದ್ದೆ, ನೋಡದವನು ಉತ್ತರ ಕೊಟ್ಟಿದ್ದ.

ಆವತ್ತಿನಿಂದ ನನ್ನ ಮೇಜಿನ ಮೇಲೆ ಒಂದು ಸಣ್ಣ ಸ್ಟೀಲಿನ ಡಬ್ಬಿ ಬಂತು. ಅದರಲ್ಲಿ ಸೋಸಿ ಒಣಗಿಸಿದ ಚಹಾಪುಡಿ. ಯಾರಾದರೂ ವಾಂತಿ ಅಂತ ಬಂದರೆ ಮುಚ್ಚಳ ತೆಗೆದು ನಾಲ್ಕು ಹನಿ ನೀರು ಹಾಕಿ ತೋರಿಸಿ, "ಹಿಂಗಿತ್ತೇನ್ರಿ?" ಅಂತ ಕೇಳುತ್ತಿದ್ದೆ. ಹೊಸದಾಗಿ ಬಂದ ಒಬ್ಬ ಡಾಕ್ಟರು ನಕ್ಕರು. ಒಂದು ತಿಂಗಳಲ್ಲಿ ಇಬ್ಬರು ಡಬ್ಬಿ ನೋಡಿ "ಹೌದ್ರಿ" ಅಂದ ಮೇಲೆ ನಗುವುದನ್ನು ಬಿಟ್ಟರು. ಒಮ್ಮೆ ಮಾತ್ರ ಎಡವಟ್ಟಾಯಿತು. ಗಂಗವ್ವ ಚಹಾಪುಡಿ ತೀರಿದೆ ಅಂತ ಆ ಡಬ್ಬಿಯನ್ನೇ ಬಗ್ಗಿಸಿ ಕುದಿಸಿ ಎಲ್ಲರಿಗೂ ಕೊಟ್ಟಳು. "ಇವತ್ತ ಚಾ ಯಾಕೋ ಸಪ್ಪಗೈತಿ" ಅಂದರು ದೊಡ್ಡ ಡಾಕ್ಟರು, ಆದರೂ ಪೂರ್ತಿ ಕುಡಿದರು. ನಾನು ಇವತ್ತಿನವರೆಗೂ ಹೇಳಿರಲಿಲ್ಲ.

ಎಲ್ಲವೂ ನಗುವುದರಲ್ಲಿ ಮುಗಿದಿಲ್ಲ. ನಾನು ರಾಣೆಬೆನ್ನೂರಿನಲ್ಲಿದ್ದಾಗ ಕದರಮಂಡಲಗಿ ಕಡೆಯಿಂದ ಒಬ್ಬ ರೈತನನ್ನು ತಂದರು. ಊರಿನಲ್ಲಿ ಒಳ್ಳೆಯ ಹೆಸರಿದ್ದ ಮನುಷ್ಯ, ಕುಡಿತ ಮಾತ್ರ ಬಹಳ ವರ್ಷದ್ದು. ಲಿವರ್ ಕಲ್ಲಾದವರಿಗೆ ಅನ್ನನಾಳದೊಳಗಿನ ರಕ್ತನಾಳಗಳು ಉಬ್ಬಿಕೊಂಡಿರುತ್ತವೆ, ಒಂದು ದಿನ ಒಡೆದರೆ ಗಡ್ಡೆ ಗಡ್ಡೆಯಾಗಿ ರಕ್ತ ಬರುತ್ತದೆ. ಅವನಿಗೆ ಹಿಂದಿನ ದಿನವೇ ಒಂದು ಸಲ ಬಂದಿತ್ತು. ನಿಂತಿತಲ್ಲ ಅಂತ ಸುಮ್ಮನಾಗಿದ್ದರು. ಊರಲ್ಲಿ ಗೊತ್ತಾದರೆ ಕುಡಿತದ ಮಾತು ಬರುತ್ತದೆ ಅಂತ ಮುಚ್ಚಿಟ್ಟಿದ್ದರು. ಮರುದಿನ ತರುವಷ್ಟರಲ್ಲಿ ಕೈ ಮೀರಿತ್ತು. ಅವನ ಹೆಂಡತಿ ನನ್ನ ಕೈ ಹಿಡಿದು "ನಿನ್ನೆ ನಿಂತಿತ್ತಲ್ರಿ ಅಕ್ಕಾರ, ನಿಂತಿತ್ತಲ್ರಿ" ಅಂತ ಹೇಳುತ್ತಲೇ ಇದ್ದಳು. ನನಗೆ ಈಗಲೂ ಆ ಕೈಯ ಬಿಸಿ ನೆನಪಿದೆ. ರಕ್ತ ನಿಂತಿತು ಅಂದರೆ ಕಾಯಿಲೆ ನಿಂತಿತು ಅಂತ ಅಲ್ಲ. ಒಂದೇ ಸಲ ಬಂದಿರಲಿ, ಒಂದೇ ಚಮಚ ಬಂದಿರಲಿ, ಅದೇ ದಿನ ಬರಬೇಕು. ಹೆಚ್ಚು ಬಂದರೆ, ತಲೆ ತಿರುಗಿದರೆ, ಬೆವರಿ ಮೈ ತಣ್ಣಗಾದರೆ, ಹೊಟ್ಟೆ ಹಿಡಿದುಕೊಂಡರೆ, ಮಾತು ತೊದಲಿದರೆ ಅಣ್ಣತಮ್ಮಂದಿರು ಬರಲಿ ಅಂತ ಕಾಯದೆ ಆಂಬುಲೆನ್ಸ್ ಕರೆಯಬೇಕು. ಲಿವರ್ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ವಯಸ್ಸಾದವರು ಇನ್ನೂ ಲಗುಬಗೆ ಮಾಡಬೇಕು.

ಈಗಿನವರಿಗೆ ಒಂದು ಅನುಕೂಲ ಇದೆ, ಮೊಬೈಲು. ವಾಂತಿಯ ಫೋಟೋ ತೆಗೆದುಕೊಂಡು ಬರುತ್ತಾರೆ, ನುಂಗುವ ಗುಳಿಗೆಗಳ ಚೀಟಿಯನ್ನೂ ತರುತ್ತಾರೆ, ಬಹಳ ಒಳ್ಳೆಯದು. ಹಾವೇರಿಯಲ್ಲಿ ಒಬ್ಬರು ಫೋಟೋವನ್ನು ಮೊದಲು ಮನೆತನದ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಅಲ್ಲಿ ಒಬ್ಬ ಕಾಕಾ ನಿಂಬೆಹಣ್ಣು ಅಂದು, ಒಬ್ಬ ಚಿಗವ್ವ ಜೀರಿಗೆ ಅಂದು, ಇನ್ನೊಬ್ಬರು ಫೋಟೋ ಸರಿಯಾಗಿ ನೋಡದೆ "ಶುಭೋದಯ" ಅಂದು, ಆ ಎಲ್ಲ ಸಲಹೆ ಓದಿ ಮುಗಿಸಿ ನನ್ನ ಹತ್ತಿರ ಬಂದಿದ್ದರು. ಫೋಟೋ ತೆಗೆಯಿರಿ, ಆದರೆ ದವಾಖಾನೆಯಲ್ಲಿ ತೋರಿಸಿರಿ.

ಇಷ್ಟೆಲ್ಲ ಉಪದೇಶ ಮಾಡುವ ನನ್ನ ಕಥೆ ಹೇಳದಿದ್ದರೆ ನ್ಯಾಯವಲ್ಲ. ನಿವೃತ್ತಿಯ ನಂತರ ನನ್ನ ಮೊಣಕಾಲು ಹಿಡಿಯಿತು. ನರ್ಸ್ ಆದವಳು ಮೊಣಕಾಲಿಗೆ ಡಾಕ್ಟರ ಹತ್ತಿರ ಹೋಗುವುದೇ? ನಾನೇ ಗುಳಿಗೆ ತಂದೆ, ನಾನೇ ನುಂಗಿದೆ. ಹೋದ ಬೇಸಿಗೆಯಲ್ಲಿ ಎರಡು ದಿನ ಶೌಚ ಕಪ್ಪಗೆ ಆಯಿತು. ಏನೋ ತಿಂದಿರಬೇಕು ಅಂದುಕೊಂಡೆ. ಮೂರನೆಯ ಮುಂಜಾನೆ ಬಚ್ಚಲ ಬೇಸಿನ್ನಿನಲ್ಲಿ ವಾಂತಿಯಾಯಿತು. ನೋಡಲಿಲ್ಲ, ನಳ ಬಿಟ್ಟೆ. ಮೂವತ್ತೈದು ವರ್ಷ ಮಂದಿಯ ವಾಂತಿ ನೋಡಿದವಳು ನನ್ನದನ್ನು ನೋಡಲು ಅಂಜಿದೆ. ಮಗಳು ಶಾಲೆಗೆ ಪಾಠ ಮಾಡಲು ಹೋಗಿದ್ದಳು.

ಖೈರುನ್‌ಬಿ ಪ್ರತಿ ಬೇಸಿಗೆಗೆ ಒಮ್ಮೆ ಬ್ಯಾಡಗಿಯಿಂದ ಖಾರಪುಡಿ ಕುಟ್ಟಿಸಿಕೊಂಡು ತಂದು ಕೊಡುತ್ತಾಳೆ. ಆವತ್ತೇ ಬಂದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು. "ಅಕ್ಕಾರ, ಇಲ್ಲಿ ಬರ್ರಿ. ಇದೇನ್ರಿ, ಬೇಸಿನ್ನಿನ ಜಾಳಗಿಯೊಳಗ?"

"ಚಾ ಚೆಲ್ಲೇನಿ" ಅಂದೆ.

"ಚಾ ಸೋಸಿ ಅಡಗಿಮನ್ಯಾಗ ಚೆಲ್ಲತಾರ, ಬಚ್ಚಲದಾಗ ಯಾರು ಚೆಲ್ಲತಾರ? ನನ್ನ ಮುಂದ ಸುಳ್ಳು ಹೇಳಬ್ಯಾಡ್ರಿ. ಇದನ್ನ ನೋಡಿದಾಕಿ ನಾನು." ನನ್ನ ಕೈ ಹಿಡಿದಳು. "ಕೈ ತಣ್ಣಗಾಗ್ಯಾವು. ನಡೀರಿ."

"ಸಂಜಿಕಡೆ ಹೋಗೋಣು" ಅಂದೆ. ಅವಳು ನನ್ನ ಮುಖ ನೋಡಿದಳು. ಅವಳ ಗಂಡ ಆವತ್ತು ಅಂದ ಮಾತು ಅದೇ ಅಂತ ನನಗೆ ಆಗ ಹೊಳೆಯಿತು. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡೆ.

ದವಾಖಾನೆಯಲ್ಲಿ ಒಬ್ಬ ಚಿಕ್ಕ ಹುಡುಗಿ, ಹೊಸ ನರ್ಸಿಂಗ್ ಆಫೀಸರ್, ಕೈಯಲ್ಲಿ ಟ್ಯಾಬ್ ಹಿಡಿದು ಬಂದಳು. ಈಗ ಪ್ರಶ್ನೆಗಳೆಲ್ಲ ಅದರೊಳಗೇ ಇರುತ್ತವೆ, ಹೌದು ಅಥವಾ ಇಲ್ಲ ಒತ್ತಬೇಕು. ಪರದೆ ನೋಡಿಕೊಂಡು ಓದಿದಳು. "ಅಜ್ಜಿ, ವಾಂತಿ ಕಾಫಿಪುಡಿ ಹಂಗ ಇತ್ತೇನ್ರಿ?"

ನನಗೆ ಮನೆಗೆ ಹೋಗಬೇಕಿತ್ತು. ಇಲ್ಲ ಅನ್ನುವುದು ಬಾಯಿಗೆ ಬಂದಿತ್ತು. ಹಿಂದಿನಿಂದ ಖೈರುನ್‌ಬಿ ಮುಂದೆ ಬಂದು ಹುಡುಗಿಯ ಮೊಣಕೈ ಹಿಡಿದಳು.

"ತಂಗಿ, ಹೌದು ಒತ್ತು. ಆಮ್ಯಾಲ ಆ ಡಬ್ಬ್ಯಾಗ ಬರದವರಿಗೆ ಹೇಳು, ಇಲ್ಲಿ ಕಾಫಿ ಯಾರೂ ಕುಡಿಯೂದಿಲ್ಲ. ಚಾದ ಗಸಿ ಅಂತ ಕೇಳು. ಇವರು ಕಾಫಿ ಕೇಳಿದ್ದಕ್ಕ ನಾ ನನ್ನ ಗಂಡನ್ನ ಕಳಕೋತಿದ್ದೆ."

ಹುಡುಗಿ ನನ್ನ ಮುಖ ನೋಡಿದಳು. ಹೌದವಾ ಅಂತ ತಲೆಯಾಡಿಸಿದೆ. ಹುಣ್ಣು ಇತ್ತು, ಆಳವಿರಲಿಲ್ಲ, ಹೊತ್ತಿಗೆ ಸರಿಯಾಗಿ ಸಿಕ್ಕಿತು. ನಾಲ್ಕು ದಿನ ಮಲಗಿಸಿದರು. ಇಮಾಮ್‌ಸಾಬ್ ಫೋನ್ ಮಾಡಿ, "ಅಕ್ಕಾರ, ಒಂದ್ ಕಪ್ಪು ಕಾಫಿ ಕಳಸ್ಲೇನ್ರಿ?" ಅಂತ ಕೇಳಿದ.

ಮೂರನೆಯ ದಿನ ಆ ಹುಡುಗಿ ನನ್ನ ಹಾಸಿಗೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅಜ್ಜಿ, ಇವತ್ತ ಒಬ್ಬರು ಬಂದಿದ್ರು. ಏನೂ ಇಲ್ಲ, ಪಿತ್ತ ಅಂದ್ರು. ಕಾಫಿಪುಡಿ ಹಂಗ ಅಂತ ಕೇಳಿದೆ, ಇಲ್ಲ ಅಂದ್ರು. ಚಾದ ಗಸಿ ಹಂಗ ಅಂತ ಕೇಳಿದೆ, ಹೌದು ಅಂದ್ರು."

ನಾನು ಎದ್ದು ಕೂತೆ. "ಕೂಡ್ರಿಸೀ ಏನವಾ?" ಅಂತ ಕೇಳಿದೆ.

"ಕೂಡ್ರಿಸೇನ್ರಿ. ಸಂಜಿಗೆ ಬರತೇನಿ ಅನ್ನಾಕತ್ತಿದ್ರು. ನಾ ಬಿಡಲಿಲ್ಲ."